ಯಾವ ಪ್ರಾಣಿಯದ್ದೆಂದು ಹೇಳಿಬಿಡಿ

“ಹಂದಿದಾ, ದನದ್ದಾ ಅಂತ ಅವ್ರಿಗ್ ಹೇಳೂದ್ ಎಂತಕೆ ಮಾರ್ರೆ? ಜೀವ ಉಳ್ದ್ರ್ ಸಾಕಲ್ದಾ?” ಹೃದಯದ ಕವಾಟ ಬದಲಿಸುವ ಮಾತು ಬಂದಾಗ ಕುಂದಾಪುರದಲ್ಲಿ ಓದಿದವರೇ ಹೀಗೆನ್ನುವುದನ್ನು ಕೇಳಿದ್ದೇನೆ. ಮೇಲ್ನೋಟಕ್ಕೆ ಉದಾರವಾದ ಮಾತು. ಒಳಗಿರುವುದು ರೋಗಿಯ ಬಗೆಗಿನ ತಾತ್ಸಾರ. ಎದೆ ಸೀಳಿಸಿಕೊಳ್ಳುವವರಿಗೆ ಒಳಗೆ ಕೂರುವುದು ಏನೆಂದು ತಿಳಿಯಲೇಬೇಕು. ಮುಚ್ಚಿಡುವುದು ಕರುಣೆಯಲ್ಲ.

ಕೂರುವುದಾದರೂ ಏನು? ಹಂದಿಯ ಹೃದಯದ ಕವಾಟ, ಇಲ್ಲವೇ ದನದ ಹೃದಯವನ್ನು ಸುತ್ತಿರುವ ತೆಳುಪೊರೆ. ಕಸಾಯಿಖಾನೆಯಿಂದ ತಂದ ಪೊರೆಯ ಕೊಬ್ಬು ತೆಗೆದು, ತೊಳೆದು, ಗ್ಲುಟರಾಲ್ಡಿಹೈಡ್ ದ್ರಾವಣದಲ್ಲಿ ನೆನೆಹಾಕುತ್ತಾರೆ. ಜೀವಕೋಶಗಳು ಸಾಯುತ್ತವೆ, ಕೊಲಾಜನ್ ಎಳೆಗಳು ಒಂದಕ್ಕೊಂದು ಬಿಗಿದುಕೊಂಡು ಕೊಳೆಯದೆ ಉಳಿಯುತ್ತವೆ, ಮನುಷ್ಯದೇಹ ಅದನ್ನು ಪರಕೀಯವೆಂದು ತಿರಸ್ಕರಿಸುವುದು ಬಹಳಮಟ್ಟಿಗೆ ತಗ್ಗುತ್ತದೆ. ಪ್ಯಾರಿಸ್ಸಿನಲ್ಲಿ 1965ರಲ್ಲಿ ಮನುಷ್ಯರಿಗೆ ಹಾಕಿದ ಮೊದಲ ಹಂದಿ ಕವಾಟಗಳು ಬಾಳಲಿಲ್ಲ. ಅಲ್ಲಿನ ಶಸ್ತ್ರವೈದ್ಯ ಅಲೈನ್ ಕಾರ್ಪೆಂಟಿಯೆ 1968ರ ಹೊತ್ತಿಗೆ ಗ್ಲುಟರಾಲ್ಡಿಹೈಡ್ ಹಿಡಿದ ಮೇಲೆಯೇ ಅವು ವರ್ಷಗಟ್ಟಲೆ ಬಾಳತೊಡಗಿದವು. ಹಂದಿ ಕವಾಟ ಹಾಕಿಸಿಕೊಂಡವರಿಗೆ ಹಂದಿಯ ಗುಣ ಬರುತ್ತದೆಂಬ ವಾಟ್ಸಾಪ್ ಪಾಂಡಿತ್ಯಕ್ಕೆ, ಒಳಗೆ ಕೂರುವುದರಲ್ಲಿ ಜೀವಂತ ಕೋಶವೇ ಇಲ್ಲವೆಂಬ ಉತ್ತರ ಸಾಕು.

ಗ್ಲುಟರಾಲ್ಡಿಹೈಡ್ ಚರ್ಮ ಹದಮಾಡುವ ಕಾರ್ಖಾನೆಗಳಲ್ಲೂ ಬಳಕೆಯಲ್ಲಿದೆ. ಹೃದಯ ಶಸ್ತ್ರಚಿಕಿತ್ಸೆಯ ಈ ವಿದ್ಯೆ ಚರ್ಮ ಹದಮಾಡುವ ಕಸುಬಿನ ಹತ್ತಿರದ ನೆಂಟ. ಆ ಕಸುಬಿನ ಫಲ ನಮ್ಮ ದೇವಸ್ಥಾನದ ಅಂಗಳಕ್ಕೆ ಹೊಸದೇನಲ್ಲ. ಯಕ್ಷಗಾನದ ಮಂದಾರ್ತಿ ಮೇಳವಿರಲಿ, ಮಾರಣಕಟ್ಟೆ ಮೇಳವಿರಲಿ, ಚೌಕಿಯಲ್ಲಿ ಗಣಪತಿಗೆ ಪೂಜೆಯಾಗಿ ಆಟ ಶುರುವಾದರೆ ಚಂಡೆ-ಮದ್ದಳೆಗಳ ನಾದವೆಲ್ಲ ಬರುವುದು ಸತ್ತ ಪ್ರಾಣಿಯ ಚರ್ಮದಿಂದ. ಹರಕೆಯ ಆಟ ಆಡಿಸಿದವರಿಗೆ ಅದರಿಂದ ಮೈಲಿಗೆಯಾಯಿತೆಂದು ಯಾರೂ ಹೇಳಲಿಲ್ಲ. ಮೈಲಿಗೆಯನ್ನೆಲ್ಲ ಹೊರಿಸಿದ್ದು ಸತ್ತ ದನವನ್ನು ಎಳೆದು, ಸುಲಿದು, ಚರ್ಮವನ್ನು ಹದಕ್ಕೆ ತಂದವರ ಮೇಲೆ. ನಾದ ಒಳಗೆ ಬರಬಹುದು, ಅದನ್ನು ಸಾಧ್ಯವಾಗಿಸಿದ ಕೈ ಬರಕೂಡದು! ಈಗ ಅದೇ ಜಾತಿಯ ಜ್ಞಾನ ಬಿಳಿ ಕೋಟು ತೊಟ್ಟು ನಮ್ಮ ಎದೆಯೊಳಗೇ ಬಂದು ಕೂತಿದೆ. ಪ್ರಾಣಿಯ ಹೆಸರು ಮುಚ್ಚಿಟ್ಟರೆ ಈ ಹಳೆಯ ಕಪಟದಲ್ಲಿ ಆಸ್ಪತ್ರೆಯೂ ಪಾಲುಗೊಳ್ಳುತ್ತದೆ.

ವೈದ್ಯರ ಆಕ್ಷೇಪ ಹಗುರವಾದುದಲ್ಲ. ಹೆಸರು ಹೇಳಿದರೆ ಹೆದರಿ ಆಪರೇಷನ್ನೇ ಬೇಡವೆಂದು ಎದ್ದುಹೋಗುವವರಿದ್ದಾರೆ, ಹೋದರೆ ಉಳಿಯುವುದಿಲ್ಲ. ಇನ್ನೂ ಗಟ್ಟಿಯಾದ ಪ್ರಶ್ನೆ ಒಂದಿದೆ: ತೆರೆದ ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಬಹುಪಾಲು ಹಂದಿಯ ಕರುಳಿನಿಂದಲೇ ಬರುತ್ತದೆ. ಹಾಗಾದರೆ ಎಲ್ಲೆಲ್ಲಿ ಯಾವ ಪ್ರಾಣಿಯೆಂದು ಪಟ್ಟಿ ಓದುತ್ತ ಕೂರಬೇಕೆ? ನನ್ನ ಉತ್ತರ ಇಷ್ಟು. ಕೇಳಿದವರಿಗೆ ಎಲ್ಲವನ್ನೂ ಹೇಳಬೇಕು. ಆಯ್ಕೆ ಇರುವಲ್ಲಿ ಕೇಳದಿದ್ದರೂ ಹೇಳಬೇಕು. ಕವಾಟದಲ್ಲಿ ಆಯ್ಕೆ ಇದೆ.

ಪ್ರಾಣಿಯ ಸೋಂಕಿಲ್ಲದ ಯಾಂತ್ರಿಕ ಕವಾಟಗಳಿವೆ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಮುಂದಾಳುತನದಲ್ಲಿ ರೂಪುಗೊಂಡ ಚಿತ್ರಾ ಕವಾಟವನ್ನು ರೋಗಿಗೆ ಮೊದಲು ಹಾಕಿದ್ದು 1990ರಲ್ಲಿ. ಅದೇ ವಲಿಯತ್ತಾನ್ 1993ರಲ್ಲಿ ನಮ್ಮ ಪಕ್ಕದ ಮಣಿಪಾಲದ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಪತಿಯಾಗಿ ಬಂದರು. ಆದರೆ ಇಂಥ ಕವಾಟ ಹಾಕಿಸಿಕೊಂಡವರು ಬದುಕಿರುವಷ್ಟು ದಿನ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನುಂಗಬೇಕು, ಆಗಾಗ ರಕ್ತಪರೀಕ್ಷೆ ಮಾಡಿಸಬೇಕು. ಬಸಳೆ, ಹರಿವೆ ಇಂದು ಹೊಟ್ಟೆ ತುಂಬ, ನಾಳೆ ಪೂರ್ತಿ ಬಿಡುವುದು ಎಂದರೆ ಔಷಧದ ಲೆಕ್ಕ ತಪ್ಪುತ್ತದೆ. ಗಂಗೊಳ್ಳಿಯಿಂದ ಬೋಟಿನಲ್ಲಿ ಹೋಗಿ ದಿನಗಟ್ಟಲೆ ಕಡಲಲ್ಲಿರುವವರಿಗೆ ಪೆಟ್ಟಾಗಿ ರಕ್ತ ನಿಲ್ಲದಿದ್ದರೆ? ಬೈಂದೂರಿನ ಒಳಹಳ್ಳಿಯ ತರುಣಿ ಬಸುರಿಯಾದರೆ? ವಾರ್ಫರಿನ್ ಭ್ರೂಣಕ್ಕೆ ಅಪಾಯಕಾರಿ. ಪ್ರಾಣಿಯ ಕವಾಟಕ್ಕೆ ಸಾಮಾನ್ಯವಾಗಿ ಈ ಜೀವಮಾನದ ಮಾತ್ರೆ ಬೇಡ. ಆದರೆ ಅದರಲ್ಲಿ ಸುಣ್ಣದಂಶ ಕಟ್ಟುತ್ತದೆ. ಎಳೆಯ ದೇಹದಲ್ಲಿ ಇನ್ನೂ ಬೇಗ. ವಯಸ್ಸಾದವರಿಗೆ ಹತ್ತು-ಹದಿನೈದು ವರ್ಷ ಬಂದೀತು, ಇಪ್ಪತ್ತೈದರವರಿಗೆ ಮತ್ತೊಂದು ಆಪರೇಷನ್ ಹೆಚ್ಚುಕಡಿಮೆ ಖಚಿತ. ಬಾಲ್ಯದ ಗಂಟಲುನೋವು ಸಂಧಿವಾತ ಜ್ವರಕ್ಕೆ ತಿರುಗಿ ಕವಾಟ ಕೆಡುವ ನಮ್ಮ ದೇಶದಲ್ಲಿ ಈ ಆಯ್ಕೆ ಮಾಡಬೇಕಾದವರಲ್ಲಿ ಬಹಳ ಮಂದಿ ಚಿಕ್ಕ ವಯಸ್ಸಿನವರೇ.

ಇದನ್ನೆಲ್ಲ ತೂಗಿ ನೋಡಬೇಕಾದವರು ರೋಗಿಯೇ, ಹೊರಗೆ ಕೂತ ದೊಡ್ಡಪ್ಪನಲ್ಲ, ನಂಬಿಕೆಯನ್ನು ಹಗುರಮಾಡುವ ಬುದ್ಧಿವಂತರೂ ಅಲ್ಲ. ದನದ್ದು ಬೇಡವೆಂದವರು ಮಾತ್ರೆಯ ಬದುಕಿಗೆ ತಯಾರಾದರೆ ಅದು ಮೌಢ್ಯವಲ್ಲ, ತೀರ್ಮಾನ. ಹಂದಿಯದ್ದಾದರೂ ಸರಿ, ಮಗು ಬೇಕು ಎಂದವಳದ್ದೂ ತೀರ್ಮಾನವೇ. ಸಹಿ ಹಾಕಿಸಿಕೊಳ್ಳುವ ಕಾಗದ ಕನ್ನಡದಲ್ಲಿರಲಿ. ಯಾವ ಪ್ರಾಣಿ, ಎಷ್ಟು ವರ್ಷ, ಯಾವ ಮಾತ್ರೆ ಎಂಬ ಮೂರು ಮಾತು ಅದರಲ್ಲಿ ದಪ್ಪಕ್ಷರದಲ್ಲಿರಲಿ. ಅಷ್ಟನ್ನು ಓದಿ ಹೇಳಲು ಪುರುಸೊತ್ತಿಲ್ಲದ ಆಸ್ಪತ್ರೆಗೆ ಸಹಿ ಕೇಳುವ ಹಕ್ಕೂ ಇಲ್ಲ.