ಲಾಭ, ಎರಡು, ಮೂರು

ಊರಿನ ಹಳೇ ಮನೆ ಕೆಡವುವ ಮುನ್ನ ಹಿತ್ತಿಲಿನ ಒರಳುಕಲ್ಲನ್ನೂ ಅಟ್ಟದ ಮೇಲಿದ್ದ ಕೊಳಗವನ್ನೂ ಆಟೋಗೆ ಹೇರಿಕೊಂಡು ಒಂದು ಮ್ಯೂಸಿಯಂಗೆ ಹೋಗಿದ್ದೆ. ಅಲ್ಲಿದ್ದವರು ಒರಳನ್ನು ಇಳಿಸಲೂ ಬಿಡಲಿಲ್ಲ. ‘ಒರಳುಕಲ್ಲು ತಂದುಕೊಡೋರು ವಾರಕ್ಕೊಬ್ಬರು ಬರ್ತಾರೆ ಸಾರ್, ಇಡೋಕೆ ಜಾಗ ಬೇಕಲ್ಲ’ ಎಂದರು. ಕೊಳಗವನ್ನು ತಿರುಗಿಸಿ ನೋಡಿ, ಎಷ್ಟು ವರ್ಷದ್ದು ಎಂದು ಕೇಳಿದರು. ನೂರಾಗಿರಲಿಕ್ಕಿಲ್ಲ ಎಂದೆ. ‘ಇದೂ ನಮ್ಮಲ್ಲಿದೆ’ ಎಂದರು. ಎರಡನ್ನೂ ವಾಪಸ್ ಹೊತ್ತು ತಂದೆ, ಜೊತೆಗೆ ಆಟೋ ಬಾಡಿಗೆಯ ಸಿಟ್ಟನ್ನೂ.

ಸಿಟ್ಟು ಇಳಿದ ಮೇಲೆ ಅನ್ನಿಸಿದ್ದು: ಒರಳಿನ ವಿಷಯದಲ್ಲಿ ಅವರು ಸರಿ. ಮನೆಯಲ್ಲಿಡಲು ಜಾಗವಿಲ್ಲದ್ದು, ಬಿಸಾಡಲು ಮನಸ್ಸಿಲ್ಲದ್ದು ಎರಡೂ ಸೇರಿದರೆ ‘ದಾನ’ ಎಂದಾಗುತ್ತದೆ. ಹಾಗೆ ಬಂದದ್ದನ್ನೆಲ್ಲ ಒಪ್ಪಿಕೊಳ್ಳುತ್ತ ಹೋದರೆ ಮ್ಯೂಸಿಯಂ ಗುಜರಿ ಅಂಗಡಿಯಾಗಲು ಹೆಚ್ಚು ದಿನ ಬೇಡ. ಬೇಡ ಎನ್ನಲು ಬರದವನಿಗೆ ಸಂಗ್ರಹಿಸಲೂ ಬರುವುದಿಲ್ಲ.

ಕೊಳಗದ ಮಾತು ಬೇರೆ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ, ಸರಿ. ಕೊಳಗಕ್ಕೆ ಎಷ್ಟು ಸೇರು ಎಂದು ಕೇಳಿದರೆ ಒಂದೊಂದು ಸೀಮೆಯವರು ಒಂದೊಂದು ಲೆಕ್ಕ ಹೇಳುತ್ತಾರೆ. ಹಾಗಿರುವಾಗ ಹತ್ತು ಊರಿನ ಹತ್ತು ಕೊಳಗ ಸಾಲಾಗಿ ಇಟ್ಟರೆ ಅದು ಪುನರಾವರ್ತನೆಯಲ್ಲ, ಒಂದು ನಾಡಿನ ಲೆಕ್ಕಪತ್ರ. ಷರತ್ತು ಒಂದೇ, ಯಾವುದು ಯಾವ ಊರಿನದು ಎಂದು ಬರೆದಿರಬೇಕು. ನನ್ನನ್ನು ಯಾವ ಊರು ಎಂದು ಅಲ್ಲಿ ಯಾರೂ ಕೇಳಲಿಲ್ಲ.

ಕೇಳಿದ್ದು ವಯಸ್ಸನ್ನು. ಅದಕ್ಕೂ ಕಾರಣವಿದೆ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ವಸ್ತುವೊಂದು ‘ಪ್ರಾಚ್ಯವಸ್ತು’ ಆಗಬೇಕಾದರೆ ನೂರು ವರ್ಷ ತುಂಬಬೇಕು, ಹಸ್ತಪ್ರತಿಗಾದರೆ ಎಪ್ಪತ್ತೈದು. ಕಳ್ಳಸಾಗಣೆ ತಡೆಯಲು ಮಾಡಿದ ಗೆರೆ ಅದು. ಏನನ್ನು ಸಂಗ್ರಹಿಸಬೇಕು ಎಂದು ಹೇಳಲು ಮಾಡಿದ್ದಲ್ಲ. ಆದರೂ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಕಲ್ಲು, ಕಂಚು, ತಾಮ್ರಪಟಗಳಿಗೆ ಈ ಗೆರೆ ಏನೂ ಮಾಡದು, ಅವು ಕಾಯಬಲ್ಲವು. ಮರದ ಕೂರಿಗೆ, ಬಿದಿರಿನ ಮೊರ, ಸೀಮೆಎಣ್ಣೆ ಪಂಪ್ ಸ್ಟೌ, ಎಸ್‌ಟಿಡಿ ಬೂತಿನ ಹಳದಿ ಬೋರ್ಡು ಕಾಯುವುದಿಲ್ಲ. ಅವನ್ನು ಬಳಸಿದ ಮನುಷ್ಯರಂತೂ ಕಾಯುವುದೇ ಇಲ್ಲ. ಮೆಟ್ರಿಕ್ ಅಳತೆಗೆ ದಾರಿ ಮಾಡಿದ ಕಾನೂನು ಬಂದದ್ದು 1956ರಲ್ಲಿ. ಅದಕ್ಕೂ ಮೊದಲು ಕಣದಲ್ಲಿ ಕೊಳಗ ಹಿಡಿದು ಅಳೆದವರಲ್ಲಿ ಉಳಿದವರಿಗೆ ಈಗ ಎಂಬತ್ತು ದಾಟಿದೆ.

ಈ ಅವಸರ ಗೊತ್ತಿದ್ದವರು ನಮ್ಮಲ್ಲಿ ಇದ್ದರು. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ 1968ರಲ್ಲಿ ಶುರುವಾದಾಗ ಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರಂಥವರು ಹಳ್ಳಿಹಳ್ಳಿ ಸುತ್ತಿ ಸಾಮಾನು ಹೊತ್ತು ತಂದರು. ರಾಜಕುಮಾರಿಗೆಂದು ಕಟ್ಟಿಸಿದ ಜಯಲಕ್ಷ್ಮಿ ವಿಲಾಸದ ಹಜಾರಗಳಲ್ಲಿ ಒಕ್ಕಲಿನ ಸಾಮಾನು, ಸೋಮನ ಕುಣಿತದ ಮುಖವಾಡ ಬಂದು ನಿಂತವು (ಆ ದೃಶ್ಯ ನೆನೆದಾಗಲೆಲ್ಲ ನನಗೆ ಒಳಗೊಳಗೇ ಖುಷಿ). ರಾಮನಗರದ ಬಳಿ 1994ರಲ್ಲಿ ಜಾನಪದ ಲೋಕ ಕಟ್ಟಿದ ಎಚ್.ಎಲ್. ನಾಗೇಗೌಡರು ಐಎಎಸ್ ಅಧಿಕಾರಿಯಾಗಿದ್ದವರು. ಅವರು ಸಾಮಾನಿನ ಜೊತೆ ಹಾಡು, ಮಾತುಗಳನ್ನೂ ಟೇಪಿನಲ್ಲಿ ಹಿಡಿಸಿದರು. ಆ ಕಾಲಕ್ಕೆ ಯಾವ ಕಾನೂನೂ ಅವರಿಗೆ ಪಟ್ಟಿ ಕೊಟ್ಟಿರಲಿಲ್ಲ. ಹಂಬಲವೇ ನೀತಿ. ಅದರ ತೊಡಕೂ ಅಲ್ಲೇ ಇದೆ: ಹಂಬಲದ ಕಣ್ಣಿಗೆ ಬಿದ್ದದ್ದು ಉಳಿಯುತ್ತದೆ, ಬೀಳದ್ದು ಒಲೆಗೆ ಹೋಗುತ್ತದೆ.

ಇನ್ನು ಕೆಲವು ವಸ್ತುಗಳನ್ನು ಯಾರೂ ತಂದುಕೊಡುವುದಿಲ್ಲ. ತೆಂಗಿನ ಚಿಪ್ಪನ್ನೇ ತೆಗೆದುಕೊಳ್ಳಿ. ಹಳ್ಳಿ ಹೋಟೆಲಿನ ಹೊರಗೆ ಸೂರಿಗೆ ಸಿಕ್ಕಿಸಿಟ್ಟು, ದಲಿತರಿಗೆ ಅದರಲ್ಲೇ ಚಹಾ ಹೊಯ್ಯುತ್ತಿದ್ದ ಚಿಪ್ಪು. ಆಮೇಲೆ ಅದರ ಜಾಗಕ್ಕೆ ಬಂದ ಬೇರೆ ಲೋಟ. ಇವನ್ನು ಒರೆಸಿ, ಕಾಗದದಲ್ಲಿ ಸುತ್ತಿ, ‘ನಮ್ಮ ಮನೆತನದ ಕೊಡುಗೆ’ ಎಂದು ಕೊಡುವವರು ಯಾರು? ದಾನವನ್ನೇ ನಂಬಿ ಕೂತ ಮ್ಯೂಸಿಯಂಗೆ ಜನ ಹೆಮ್ಮೆಪಡುವ ಸಾಮಾನಷ್ಟೇ ಬರುತ್ತದೆ: ಹಿತ್ತಾಳೆ ಹಂಡೆ, ಅಜ್ಜನ ಕತ್ತಿ, ಪಟ್ಟೆ ಸೀರೆ. ಅವನ್ನಷ್ಟೇ ನೋಡಿ ಹೊರಬಂದ ಶಾಲಾ ಮಕ್ಕಳಿಗೆ ಹಿಂದಿನ ಕಾಲವೆಂದರೆ ದಿನಾ ಹಬ್ಬ. ಚಿಪ್ಪನ್ನು ಹುಡುಕಿಕೊಂಡು ಹೋಗಬೇಕಾದವರು ಮ್ಯೂಸಿಯಂನವರೇ. ಅದನ್ನು ಹಿಡಿದು ಕುಡಿದವರ ಮಾತನ್ನೂ ಜೊತೆಗೆ ತರಬೇಕು. ಆ ಮಾತಿಲ್ಲದೆ ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಅದು ಬರೀ ಚಿಪ್ಪು.

ಹಾಗಾಗಿ ವಸ್ತು ಎಷ್ಟು ಹಳೆಯದು ಎನ್ನುವುದಕ್ಕಿಂತ ಮೊದಲು, ಇದರ ಬಗ್ಗೆ ಹೇಳುವವರು ಬದುಕಿದ್ದಾರಾ ಎಂದು ಕೇಳುವುದು ಒಳ್ಳೆಯದು ಎನ್ನುವುದು ನನ್ನ ವಾದ. ಇದ್ದರೆ ತೆಗೆದುಕೊಳ್ಳಿ, ಅವರನ್ನೂ ಕೂರಿಸಿ ರೆಕಾರ್ಡ್ ಮಾಡಿಕೊಳ್ಳಿ. ಎಲ್ಲವನ್ನೂ ತರಬೇಕೆಂದೂ ಅಲ್ಲ. ಕೆರೆ ಏರಿಯ ಮೇಲೆ ಈಗಲೂ ಅರಿಸಿನ ಕುಂಕುಮ ಕಾಣುವ ವೀರಗಲ್ಲಿಗೆ ಹೇಳುವವರು ಸುತ್ತಲೂ ಇದ್ದಾರೆ. ಅದು ಅಲ್ಲೇ ಇರಲಿ.

ಮೊನ್ನೆ ದೊಡ್ಡಮ್ಮನ ಮುಂದೆ ಆ ಕೊಳಗ ಇಟ್ಟು, ಒಂದು ಚೀಲ ರಾಗಿ ಸುರಿದು, ಮೊಬೈಲ್ ಆನ್ ಮಾಡಿದೆ. ನಾನು ‘ಒಂದು’ ಎಂದು ಎಣಿಸಲು ಶುರು ಮಾಡಿದ್ದೇ ಕೈಮೇಲೆ ಹೊಡೆದಳು. ‘ಒಂದು ಅನ್ನಬಾರದು ಕಣೋ, ಲಾಭ ಅನ್ನಬೇಕು.’ ಲಾಭ, ಎರಡು, ಮೂರು ಎಂದು ತಾನೇ ಅಳೆದಳು. ಅವಳ ದನಿ ಇದ್ದಕ್ಕಿದ್ದಂತೆ ಎಳೆಯದಾಯಿತು. ಆಮೇಲೆ ನಾನು ಕೇಳದೆಯೇ ಹೇಳಿದಳು: ‘ಸಾಲ ವಾಪಸ್ ಬರುವಾಗ ನಿಮ್ಮ ತಾತ ಕೊಳಗದ ಮೇಲೆ ಗೋಪುರ ಏರಿಸಿ ಅಳೀತಿದ್ರು. ಕೂಲಿಯವರಿಗೆ ಕೊಡುವಾಗ ಕೈಯಾಡಿಸಿ ಸಮ ಮಾಡ್ತಿದ್ರು.’

ಅದೂ ರೆಕಾರ್ಡ್ ಆಗಿದೆ. ಯಾವುದಾದರೂ ಮ್ಯೂಸಿಯಂ ಕೊಳಗ ಬೇಕೆಂದರೆ ನಾಳೆಯೇ ಕೊಟ್ಟೇನು. ಆ ಕಡೆಯ ಎರಡು ವಾಕ್ಯಗಳನ್ನು ಕತ್ತರಿಸದೆ ಕೊಡಬೇಕೋ ಬೇಡವೋ ಎಂದು ನಾಲ್ಕು ದಿನದಿಂದ ಯೋಚಿಸುತ್ತಿದ್ದೇನೆ.