ಗಣಿತದ ಪಾಠಕ್ಕೂ ಬರಲಿ ಮೊಬೈಲ್ ಮೆಸೇಜು

ಮೊಬೈಲಿನಿಂದ ಗೊತ್ತಿಲ್ಲದೆ ದುಡ್ಡು ಕಟ್ಟಾಗುವ ವಿಷಯ ಬಂದಾಗ ಶಾಲೆಗಳಲ್ಲಿ ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: 'ಮಕ್ಕಳೇ, ಮೊಬೈಲ್ ಮುಟ್ಟಬೇಡಿ.' ಇದು ಬುದ್ಧಿಮಾತಿಗೆ ನಿಲ್ಲದೆ ಗಣಿತದ ಪಾಠವಾಗಬೇಕು ಎಂಬುದು ನನ್ನ ಅಭಿಪ್ರಾಯ.

ಬೋಧನಾಭ್ಯಾಸಕ್ಕೆ ಮೈಸೂರಿನ ಪ್ರೌಢಶಾಲೆಯೊಂದಕ್ಕೆ ಹೋಗಿದ್ದಾಗ 8ನೇ ತರಗತಿಯಲ್ಲಿ, 'ಮನೆಯ ಫೋನಿಗೆ ಬರುವ ಮೆಸೇಜು ಓದಿ ಹೇಳುವವರು ಯಾರು?' ಎಂದು ಕೇಳಿದೆ. ಬಹಳಷ್ಟು ಮಕ್ಕಳು ಕೈ ಎತ್ತಿದರು. ಸಿಮ್ ಅಪ್ಪನ ಹೆಸರಿನಲ್ಲಿದೆ, ದುಡ್ಡು ಅಮ್ಮನದು. ಇಂಗ್ಲಿಷ್ ಮೆಸೇಜು ಓದುವುದು ಮಾತ್ರ ಮಗು. ಆ ಮಗುವಿಗೆ ಮುಟ್ಟಬೇಡ ಎಂದರೆ ಮನೆಯಲ್ಲಿ ಓದುವವರೇ ಇಲ್ಲದಂತಾಗುತ್ತದೆ.

ಕಾಲರ್ ಟ್ಯೂನ್, ಜ್ಯೋತಿಷ್ಯ, ಕ್ರಿಕೆಟ್ ಸ್ಕೋರ್ ಮುಂತಾದವನ್ನು ಮೌಲ್ಯವರ್ಧಿತ ಸೇವೆ ಎನ್ನುತ್ತಾರೆ. ಇಂಥದ್ದೊಂದಕ್ಕೆ ದಿನಕ್ಕೆ 3 ರೂಪಾಯಿ ಎಂದುಕೊಳ್ಳೋಣ. ತಿಂಗಳಿಗೆ 90, ವರ್ಷಕ್ಕೆ 1,095. ಈ ಲೆಕ್ಕ ಮಾಡಿಸಿದಾಗ ಒಬ್ಬ ಹುಡುಗ, 'ಮಿಸ್, ಇದರಲ್ಲಿ ಮೂರು ಸಲ ರೀಚಾರ್ಜ್ ಮಾಡಿಸಬೋದು' ಎಂದ.

ನಿಯಮಗಳೇನೋ ಇವೆ. ಇಂಥ ಸೇವೆ ಶುರುವಾಗಲು ಗ್ರಾಹಕರು ಎರಡು ಬಾರಿ ಒಪ್ಪಿಗೆ ಕೊಡಬೇಕೆಂದು ಟ್ರಾಯ್ 2013ರಲ್ಲಿ ಸೂಚಿಸಿತು. ನಿಲ್ಲಿಸಲು 155223 ಎಂಬ ಉಚಿತ ಸಂಖ್ಯೆಯಿದೆ. ಈಗ ಇನ್ನೊಂದು ದಾರಿ ಯುಪಿಐ ಆಟೋಪೇ. 1 ರೂಪಾಯಿಗೆ ಟ್ರಯಲ್ ಎಂದು ಒಮ್ಮೆ ಪಿನ್ ಒತ್ತಿದರೆ, ಮುಂದೆ ಪ್ರತಿ ತಿಂಗಳ ಶುಲ್ಕ ತಾನಾಗಿಯೇ ಹೋಗುವಂತೆ ಒಪ್ಪಿಗೆ ಕೊಟ್ಟಂತಾಗಬಹುದು. ರಿಸರ್ವ್ ಬ್ಯಾಂಕಿನ ನಿಯಮದಂತೆ ಹಣ ಕಡಿತಕ್ಕೆ 24 ಗಂಟೆ ಮೊದಲು ಸೂಚನೆ ಬರಬೇಕು. ಆದರೆ ಆ ಸೂಚನೆಯನ್ನು ಮನೆಯಲ್ಲಿ ಅರ್ಥ ಮಾಡಿಕೊಳ್ಳುವವರು ಇದ್ದರಷ್ಟೇ ನಿಯಮದಿಂದ ಉಪಯೋಗ.

'ಸಿಲಬಸ್ ಮುಗಿಸಲೇ ಸಮಯವಿಲ್ಲ' ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಇದಕ್ಕೆ ಹೊಸ ಘಟಕ ಬೇಕಿಲ್ಲ. ಗುಣಾಕಾರಕ್ಕೋ ಶೇಕಡಾವಾರಿಗೋ ಕೊಡುವ ಲೆಕ್ಕಗಳಲ್ಲಿ ಒಂದನ್ನು ಇಂಥ ಮೆಸೇಜಿನಿಂದ ತೆಗೆದುಕೊಂಡರೆ ಸಾಕು. ಮಕ್ಕಳು ಮೂರು ಪ್ರಶ್ನೆ ಕೇಳುವುದನ್ನು ರೂಢಿಸಿಕೊಳ್ಳಲಿ: ಎಷ್ಟು ದುಡ್ಡು? ಎಷ್ಟು ದಿನಕ್ಕೊಮ್ಮೆ? ನಿಲ್ಲಿಸುವುದು ಹೇಗೆ?

ಇನ್ನೊಂದು ಮಾತು. ಬೈಗುಳದ ಭಯಕ್ಕೆ ಮಗು ವಿಷಯ ಮುಚ್ಚಿಟ್ಟಷ್ಟು ದಿನವೂ ದುಡ್ಡು ಹೋಗುತ್ತಲೇ ಇರುತ್ತದೆ. 'ಗೊತ್ತಾದ ದಿನವೇ ಮನೆಯಲ್ಲಿ ಹೇಳಿ' ಎಂದು ಮಕ್ಕಳಿಗೆ ಕಲಿಸೋಣ. ಪೋಷಕರ ಸಭೆಯಲ್ಲಿ 'ಹೇಳಿದ ಮಗುವನ್ನು ಬೈಯಬೇಡಿ' ಎಂದೂ ಕೇಳಿಕೊಳ್ಳೋಣ. ಮುಂದಿನ ಬೋಧನಾಭ್ಯಾಸಕ್ಕೆ ಹೊರಡುವ ಸಹಪಾಠಿಗಳು ತಮ್ಮ ಪಾಠ ಯೋಜನೆಯಲ್ಲಿ ಇಂಥ ಒಂದು ಲೆಕ್ಕ ಸೇರಿಸಲಿ. ಮಾರ್ಗದರ್ಶಕ ಉಪನ್ಯಾಸಕರು ಅದಕ್ಕೆ ಅವಕಾಶ ಕೊಡಲಿ.