ಬೇಡವಾದರೆ ಬಾಗಿಲಲ್ಲೇ ಹೇಳಿ

ಸ್ಪ್ಯಾಮ್ ಗುರುತಿಸುವ ಉಪಾಯಗಳು ಮೇಲ್ ಸರ್ವರ್ ನಡೆಸುವವರ ಬಳಿ ಬೇಕಾದಷ್ಟಿವೆ. ಗುರುತಿಸಿದ ಮೇಲೆ ಅದನ್ನೇನು ಮಾಡಬೇಕೆಂದು ಯೋಚಿಸುವವರು ಕಡಿಮೆ. ಫಿಲ್ಟರ್ ಆಗೊಮ್ಮೆ ಈಗೊಮ್ಮೆ ತಪ್ಪುವುದು ಖಚಿತವಾದ್ದರಿಂದ ಈ ಎರಡನೆಯ ಪ್ರಶ್ನೆಯೇ ಮುಖ್ಯ ಎಂಬುದು ನನ್ನ ವಾದ.

ಸರ್ವರ್‌ನಲ್ಲೇ ತಡೆಯಬೇಕು ಎಂಬುದರಲ್ಲಿ ತಕರಾರಿಲ್ಲ. 1978ರಲ್ಲಿ ಗ್ಯಾರಿ ಥರ್ಕ್ ಎಂಬ ಮಾರಾಟಗಾರ ತನ್ನ ಕಂಪನಿಯ ಕಂಪ್ಯೂಟರ್‌ಗಳ ಪ್ರಚಾರಕ್ಕಾಗಿ, ಇಂಟರ್ನೆಟ್ಟಿನ ಪೂರ್ವರೂಪವಾದ ಅರ್ಪಾನೆಟ್‌ನ ಸುಮಾರು 400 ಜನರಿಗೆ ಒಂದೇ ಸಂದೇಶ ಕಳಿಸಿದಾಗಲೇ ಸ್ಪ್ಯಾಮ್‌ನ ಲೆಕ್ಕಾಚಾರ ಬಯಲಾಗಿತ್ತು: ಕಳಿಸುವವನಿಗೆ ಖರ್ಚು ಇಲ್ಲವೆನ್ನುವಷ್ಟು ಕಡಿಮೆ, ಓದಿ ಅಳಿಸುವ ಹೊರೆಯೆಲ್ಲ ಪಡೆದವರದು. ಆ ಹೊರೆಯನ್ನು ಒಂದೇ ಕಡೆ ಹೊರುವುದು ಜಾಣತನ.

ಆದರೆ ಫಿಲ್ಟರ್‌ನ ಕೆಲಸವೆಲ್ಲ ಅಂದಾಜಿನದು. ಸ್ಪ್ಯಾಮ್‌ಅಸ್ಯಾಸಿನ್ ಎಂಬ ಫಿಲ್ಟರ್ ತಂತ್ರಾಂಶ ನೂರಾರು ನಿಯಮಗಳ ಪ್ರಕಾರ ಅಂಕ ಹಾಕುತ್ತದೆ; ಸಾಮಾನ್ಯವಾಗಿ 5 ಅಂಕ ಮುಟ್ಟಿದ ಮೇಲ್ ಸ್ಪ್ಯಾಮ್. ದೂರದ ಭವಿಷ್ಯದ ತಾರೀಖು ಹೊತ್ತ ಮೇಲ್ ಅನುಮಾನಾಸ್ಪದ ಎಂಬುದು ಅದರ ಒಂದು ನಿಯಮವಾಗಿತ್ತು. 2010ರಿಂದಾಚೆಯ ಇಸವಿಯೆಲ್ಲ ದೂರದ ಭವಿಷ್ಯವೆಂದು ಅದರಲ್ಲಿ ಬರೆದಿತ್ತು. 2010ರ ಜನವರಿ 1 ಬಂದದ್ದೇ ತಡ, ಹೊಸ ವರ್ಷದ ಶುಭಾಶಯಗಳಿಗೂ ದಂಡದ ಅಂಕ ಬೀಳತೊಡಗಿತು. ಬರೆದಾಗ ಸರಿಯಿದ್ದ ನಿಯಮವೂ ಹಳಸುತ್ತದೆ.

ತಪ್ಪುಗಳೆಲ್ಲ ಸಮವೂ ಅಲ್ಲ. ಇನ್‌ಬಾಕ್ಸಿಗೆ ನುಸುಳಿದ ಸ್ಪ್ಯಾಮ್ ಅಳಿಸಲು ಕ್ಷಣ ಸಾಕು. ಕಳೆದುಹೋದ ಸಂದರ್ಶನದ ಕರೆ ಮತ್ತೆ ಬಾರದು. ಪ್ರೋಗ್ರಾಮರ್ ಪಾಲ್ ಗ್ರಹಾಂ 2002ರಲ್ಲಿ, ಪದಗಳ ಎಣಿಕೆಯಿಂದ ಸ್ಪ್ಯಾಮ್‌ನ ಸಂಭವ ಅಂದಾಜಿಸುವ ಬೇಸಿಯನ್ ಫಿಲ್ಟರ್ ವಿವರಿಸಿದಾಗ ಒಳ್ಳೆಯ ಮೇಲ್‌ಗಳಲ್ಲಿ ಬಂದ ಪದಗಳ ಎಣಿಕೆಯನ್ನು ಬೇಕೆಂದೇ ಇಮ್ಮಡಿ ಮಾಡಿದ್ದು ಇದಕ್ಕಾಗಿಯೇ.

ಈಗ ಸ್ಪ್ಯಾಮ್ ಎಂದು ಗುರುತಿಸಿದ ಮೇಲ್‌ಗೆ ಕೊಡುವ ಶಿಕ್ಷೆಯ ಮಾತು. ಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮದಲ್ಲಿ, ಸಂದೇಶ ಪಡೆದು 250 (ಸ್ವೀಕರಿಸಿದೆ) ಎಂದು ಉತ್ತರಿಸಿದ ಸರ್ವರ್ ಅದನ್ನು ತಲುಪಿಸುವ, ಇಲ್ಲವೇ ತಲುಪಲಿಲ್ಲವೆಂದು ತಿಳಿಸುವ ಹೊಣೆ ಹೊತ್ತಂತೆ. 250 ಎಂದು ಹೇಳಿ ಗುಟ್ಟಾಗಿ ಎಸೆಯುವುದು, ರಿಜಿಸ್ಟರ್ ಪತ್ರಕ್ಕೆ ರುಜು ಹಾಕಿ ಒಲೆಗೆ ಹಾಕಿದ ಹಾಗೆ. ತಡವಾಗಿ ವಾಪಸು ಕಳಿಸುವುದೂ ಸರಿಯಲ್ಲ: ಸ್ಪ್ಯಾಮ್‌ನಲ್ಲಿ ಕಳಿಸಿದವರ ವಿಳಾಸ ಬಹುಪಾಲು ಸುಳ್ಳು, ಆ ವಾಪಸಾತಿ ಯಾವನೋ ಅಮಾಯಕನ ಪೆಟ್ಟಿಗೆ ತುಂಬುತ್ತದೆ. ಹಾಗಾಗಿ ಸಂಪರ್ಕ ಇನ್ನೂ ತೆರೆದಿರುವಾಗಲೇ ಪರೀಕ್ಷಿಸಿ 550 ಎಂದು ನಿರಾಕರಿಸುವುದು ನ್ಯಾಯ. ಆಗ ಪ್ರಾಮಾಣಿಕ ಕಳುಹಿಸುಗನಿಗೆ ಅವನ ಸರ್ವರೇ ಸುದ್ದಿ ಮುಟ್ಟಿಸುತ್ತದೆ.

ಹಾಗೆ ಹೇಳಿಬಿಟ್ಟರೆ ಸ್ಪ್ಯಾಮ್ ಕಳಿಸುವವನೂ ಎಚ್ಚೆತ್ತು ಉಪಾಯ ಬದಲಿಸುತ್ತಾನಲ್ಲ ಎಂಬ ಆಕ್ಷೇಪವಿದೆ. ಬದಲಿಸಬಹುದು. ಆದರೆ ಎಲ್ಲ ಕಡೆ ತನ್ನದೇ ಖಾತೆ ತೆರೆದು ಯಾವುದು ತಲುಪಿತು, ಯಾವುದು ಇಲ್ಲ ಎಂದು ನೋಡುವುದು ಅವನಿಗೆ ಕಷ್ಟವಲ್ಲ. ಮೌನದಿಂದ ಕತ್ತಲಲ್ಲಿ ಉಳಿಯುವವರು ಪ್ರಾಮಾಣಿಕ ಕಳುಹಿಸುಗರು ಮಾತ್ರ. ಹಾಗಾದರೆ ಎಲ್ಲವನ್ನೂ ಜಂಕ್ ಫೋಲ್ಡರಿಗೆ ಹಾಕೋಣವೇ? ಅದೂ ಅರ್ಧ ಮೌನವೇ: ತಲುಪಿತೆಂದು ಕಳಿಸಿದವರು ನಂಬಿರುತ್ತಾರೆ, ಪಡೆದವರು ಅತ್ತ ಇಣುಕುವುದಿಲ್ಲ. ನಿಜಕ್ಕೂ ಅನುಮಾನವಿರುವ ಕೆಲವಕ್ಕೆ ಮಾತ್ರ ಅದು ಸಾಕು.

ಅನುಮಾನ ತಗ್ಗಿಸುವುದೂ ಸರ್ವರ್ ನಡೆಸುವವರ ಕೆಲಸ. ಸ್ಪ್ಯಾಮ್‌ಅಸ್ಯಾಸಿನ್‌ನ ಬೇಸಿಯನ್ ಭಾಗ ಬಾಯಿ ತೆರೆಯಲು ಕನಿಷ್ಠ 200 ಸ್ಪ್ಯಾಮ್, 200 ಒಳ್ಳೆಯ ಮೇಲ್‌ಗಳ ಪಾಠ ಬೇಕು. ಕನ್ನಡದಲ್ಲಿ ವ್ಯವಹರಿಸುವ ಸಂಸ್ಥೆ ತನ್ನ ಕನ್ನಡ ಮೇಲ್‌ಗಳಿಂದಲೇ ಆ ಪಾಠ ಹೇಳಿಕೊಡಬೇಕು. ಇಂಗ್ಲಿಷ್ ಮಾತ್ರ ಕಂಡ ಫಿಲ್ಟರಿಗೆ ನಮ್ಮ ಪದಗಳ ಪರಿಚಯವೇ ಇರುವುದಿಲ್ಲ.

ಇಷ್ಟಾದರೂ ಫಿಲ್ಟರ್ ತಪ್ಪಿದಾಗ ದೂರಲು ಒಂದು ದಾರಿ ಬೇಕು. ಪ್ರತಿ ಮೇಲ್ ಸರ್ವರ್‌ನಲ್ಲೂ ‘ಪೋಸ್ಟ್‌ಮಾಸ್ಟರ್’ ಎಂಬ ವಿಳಾಸ ಇರಲೇಬೇಕೆಂಬುದು ಎಸ್‌ಎಂಟಿಪಿಯ ಹಳೆಯ ಕಟ್ಟಳೆ. ಅದಕ್ಕೆ ಬರುವ ದೂರುಗಳನ್ನು ಮನುಷ್ಯರೇ ಓದಿ ಉತ್ತರಿಸುವಂತಿದ್ದರೆ, ನಿರಾಕರಿಸುವ ಅಧಿಕಾರವನ್ನು ಯಂತ್ರಕ್ಕೆ ಧೈರ್ಯವಾಗಿ ಕೊಡಬಹುದು, ಇಲ್ಲದಿದ್ದರೆ ಕೊಡಬಾರದು.